ಸೈಕಲ್ಲಿನ ಕಚ್ಚಿಕೊಂಡ ಪೆಡಲ್ ಮತ್ತು ಕ್ರ್ಯಾಂಕ್ ಬಿಚ್ಚುವ ಕ್ರಮ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಅನೇಕ ರೈತರಿಗೆ ಸೈಕಲ್ಲು ಇಂದಿಗೂ ಅಗ್ಗದ ಸಾಗಣೆ ಸಾಧನ. ಹಿಪ್ಪುನೇರಳೆ ಸೊಪ್ಪು, ಹಾಲಿನ ಕ್ಯಾನು, ಹಸಿ ಮೇವು, ಗೊಬ್ಬರದ ಮೂಟೆ ಇದರ ಮೇಲೆಯೇ ಸಾಗುತ್ತವೆ. ರೇಷ್ಮೆ ಹುಳು ತಾನು ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚು ಭಾಗವನ್ನು ನಾಲ್ಕನೇ ಜ್ವರದಿಂದ ಎದ್ದ ಮೇಲೆ ತಿನ್ನುತ್ತದೆ. ಆ ದಿನಗಳಲ್ಲಿ ಸೈಕಲ್ಲು ಕೆಟ್ಟು ನಿಂತರೆ ಸೊಪ್ಪು ಹೊತ್ತಿಗೆ ಸರಿಯಾಗಿ ಹುಳುಮನೆ ಸೇರದು. ಸವೆದ ಪೆಡಲ್ ಬದಲಿಸುವುದು ಸುಲಭದ ಕೆಲಸ. ಆದರೆ ದಿಕ್ಕು ತಿಳಿಯದೆ ಬಲ ಹಾಕಿದರೆ ಕ್ರ್ಯಾಂಕ್ ಸಹ ಹಾಳಾಗಿ ಖರ್ಚು ಹೆಚ್ಚುತ್ತದೆ.

ಕಚ್ಚಿಕೊಳ್ಳಲು ಕಾರಣ

ಗದ್ದೆಯ ಕೆಸರು ಮತ್ತು ಮಳೆನೀರು ಮರೆಯ ಸಂದಿಗೆ ಇಳಿದು ತುಕ್ಕು ಹಿಡಿಯುತ್ತದೆ. ರಸಗೊಬ್ಬರದ ಪುಡಿ, ಅದರಲ್ಲೂ ಪೊಟ್ಯಾಷ್, ಬಿದ್ದಲ್ಲಿ ತೇವ ಎಳೆದುಕೊಂಡು ತುಕ್ಕನ್ನು ತೀವ್ರಗೊಳಿಸುತ್ತದೆ. ಗ್ರೀಸ್ ಸವರದೆ ಕೂರಿಸಿದ ಪೆಡಲ್ ಬೇಗ ಕಚ್ಚಿಕೊಳ್ಳುತ್ತದೆ.

ಪೆಡಲ್ ಬಿಚ್ಚುವುದು

1. ಬಲಗಡೆಯ ಪೆಡಲ್‌ಗೆ ಸಾಮಾನ್ಯ ಮರೆ ಇದ್ದರೆ, ಎಡಗಡೆಯದಕ್ಕೆ ಉಲ್ಟಾ ಮರೆ ಇರುತ್ತದೆ. ತುಳಿಯುವಾಗ ಬೀಳುವ ಭಾರವು ಪೆಡಲ್ಲಿನ ಅಚ್ಚನ್ನು ತಾನಾಗಿ ಬಿಚ್ಚಿಕೊಳ್ಳದಂತೆ ಇದು ತಡೆಯುತ್ತದೆ.

2. ನೆನಪಿಗೆ ಒಂದೇ ಸೂತ್ರ: ಸ್ಪ್ಯಾನರ್‌ನ ಹಿಡಿಯನ್ನು ಮೇಲ್ಮುಖವಾಗಿ ಇಟ್ಟು ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್‌ಗಳು ಸಡಿಲಾಗುತ್ತವೆ, ಮುಂದಿನ ಚಕ್ರದ ಕಡೆಗೆ ಎಳೆದರೆ ಬಿಗಿಯಾಗುತ್ತವೆ.

3. ಹಿಂದಿನ ದಿನ ಸಂಜೆಯೇ ಡೀಸೆಲ್ ಮತ್ತು ಎಂಜಿನ್ ಎಣ್ಣೆಯನ್ನು ಸಮಪಾಲು ಬೆರೆಸಿ, ಕ್ರ್ಯಾಂಕಿನ ಒಳಬದಿ ಮತ್ತು ಹೊರಬದಿ ಎರಡರಲ್ಲೂ ಮರೆಯ ಮೇಲೆ ಕೆಲವು ತೊಟ್ಟು ಬಿಡಬೇಕು.

4. ಕ್ರ್ಯಾಂಕ್ ಮುಂದಕ್ಕೆ ನೆಲಕ್ಕೆ ಸಮನಾಗಿ ಇರಲಿ. ಸಾಮಾನ್ಯವಾಗಿ 15 ಮಿ.ಮೀ. ಅಳತೆಯ ತೆಳು ಸ್ಪ್ಯಾನರ್ ಬೇಕಾಗುತ್ತದೆ. ಅದರ ಹಿಡಿಯನ್ನು ಹಿಂದಕ್ಕೆ ಚಾಚಿ, ಮತ್ತೊಬ್ಬರು ಹಿಂದಿನ ಚಕ್ರ ಹಿಡಿದಿರುವಾಗ ಕೆಳಕ್ಕೆ ಒತ್ತಬೇಕು. ಸಾಲದಿದ್ದರೆ ಹಿಡಿಗೆ ಕಬ್ಬಿಣದ ಕೊಳವೆ ತೊಡಿಸಿ ಉದ್ದ ಮಾಡಿಕೊಳ್ಳಬಹುದು.

5. ಆದರೂ ಬಾರದಿದ್ದರೆ ಕ್ರ್ಯಾಂಕಿನ ತುದಿಯ ಮೇಲೆ ಕುದಿಯುವ ನೀರು ಸುರಿದು ಕೂಡಲೇ ಪ್ರಯತ್ನಿಸಿ. ಎಣ್ಣೆ ಹಾಕಿದ ಜಾಗಕ್ಕೆ ಬೆಂಕಿ ಹಿಡಿಯುವುದು ಅಪಾಯಕರ.

ಕ್ರ್ಯಾಂಕ್ ಬಿಚ್ಚುವುದು

ನಮ್ಮ ಹಳೆಯ ಮಾದರಿಯ ಭಾರದ ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಕಾಟರ್ ಪಿನ್ ಹಿಡಿದಿರುತ್ತದೆ. ಪಿನ್ನಿನ ಒಂದು ಬದಿ ಇಳಿಜಾರಾಗಿದ್ದು ಬೆಣೆಯಂತೆ ಕೆಲಸ ಮಾಡುತ್ತದೆ. ಆದ್ದರಿಂದ ನಟ್ ಇರುವ ತುದಿಯಿಂದಲೇ ಹೊಡೆದು ಹೊರಡಿಸಬೇಕು.

ಮೊದಲು ನಟ್ಟನ್ನು ಪಿನ್ನಿನ ತುದಿಗೆ ಸಮನಾಗುವವರೆಗೆ ಸಡಿಲಿಸಿ; ಪೂರ್ತಿ ತೆಗೆದರೆ ಮರೆ ಜಜ್ಜಿಹೋಗುತ್ತದೆ. ಪಿನ್ನಿನ ದಪ್ಪ ತುದಿ ಒಳಗೆ ಇಳಿಯುವಷ್ಟು ಅಗಲದ ಗಟ್ಟಿ ಕೊಳವೆಯನ್ನು ನೆಲದಿಂದ ಕ್ರ್ಯಾಂಕಿಗೆ ಆನಿಸಿ ನಿಲ್ಲಿಸಿ. ನಂತರ ಭಾರದ ಸುತ್ತಿಗೆಯಿಂದ ನೇರವಾಗಿ ಬಲವಾದ ಒಂದೆರಡು ಪೆಟ್ಟು ಕೊಡಿ. ಮೆಲ್ಲಗೆ ಹತ್ತಾರು ಪೆಟ್ಟು ಕೊಟ್ಟರೆ ಪಿನ್ ಅಲ್ಲಿಯೇ ಉಬ್ಬಿ ಇನ್ನೂ ಬಿಗಿಯಾಗುತ್ತದೆ. ಆನಿಕೆ ಇಲ್ಲದೆ ಹೊಡೆದರೆ ಪೆಟ್ಟು ಒಳಗಿನ ಗುಂಡು ಮತ್ತು ಬಟ್ಟಲುಗಳಿಗೆ ತಗುಲಿ ಗುಳಿ ಬೀಳುತ್ತದೆ.

ಹೊಸ ಮಾದರಿಯ ಅನೇಕ ಸೈಕಲ್ಲುಗಳಲ್ಲಿ ಪಿನ್ ಇರುವುದಿಲ್ಲ. ಚೌಕ ಅಚ್ಚಿನ ಮೇಲೆ ಕ್ರ್ಯಾಂಕ್ ಕುಳಿತಿರುತ್ತದೆ. ಇದಕ್ಕೆ ಸುತ್ತಿಗೆ ಬೇಡ. ನಡುವಿನ ಬೋಲ್ಟ್ ತೆಗೆದು, ಕ್ರ್ಯಾಂಕ್ ಪುಲ್ಲರನ್ನು ಕೈಯಿಂದಲೇ ಪೂರ್ತಿ ಒಳಕ್ಕೆ ತಿರುಗಿಸಿ ಕೂರಿಸಿದ ನಂತರವೇ ಬಲ ಹಾಕಬೇಕು.

ಮತ್ತೆ ಜೋಡಿಸುವಾಗ

ಮರೆಯನ್ನು ಒರೆಸಿ ಗ್ರೀಸ್ ಸವರಿ. ಪೆಡಲ್ಲಿನ ಅಚ್ಚಿನ ಮೇಲೆ ಎಡಕ್ಕೆ ‘ಎಲ್’, ಬಲಕ್ಕೆ ‘ಆರ್’ ಎಂಬ ಗುರುತು ಇದ್ದರೆ ನೋಡಿಕೊಂಡು, ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ. ಹಳೆಯ ಕಾಟರ್ ಪಿನ್ ಮತ್ತೆ ಬಳಸದೆ ಹೊಸದನ್ನು ಹಾಕುವುದು ಒಳ್ಳೆಯದು. ಸ್ವಲ್ಪ ದೂರ ತುಳಿದ ಮೇಲೆ ಅದರ ನಟ್ಟನ್ನು ಮತ್ತೊಮ್ಮೆ ಬಿಗಿ ಮಾಡಿ.

ಗೊಬ್ಬರ ಸಾಗಿಸಿದ ದಿನ ಸೈಕಲ್ಲನ್ನು ತೊಳೆದು ಒರೆಸಿಡಿ. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಪೆಡಲ್ ಬಿಚ್ಚಿ ಗ್ರೀಸ್ ಸವರಿ ಕೂರಿಸಿ. ವಿಸ್ತರಣಾ ಕಾರ್ಯಕರ್ತರು ರೈತರ ಸಭೆಗಳಲ್ಲಿ ಒಂದು ಹಳೆಯ ಸೈಕಲ್ಲಿನ ಮೇಲೆ ಈ ಕ್ರಮವನ್ನು ಮಾಡಿ ತೋರಿಸಿದರೆ ಬಹಳ ಉಪಯೋಗವಾಗುತ್ತದೆ.