ವಿಷದ ಬೀಜದಿಂದ ಕಣ್ಣಿನ ಹನಿಗೆ

ಇಂದಿನ ನೈಜೀರಿಯಾದ ಕಲಬಾರ್ ಪ್ರದೇಶದ ಎಫಿಕ್ ಜನರಲ್ಲಿ ಒಂದು ಭಯಂಕರ ವಿಚಾರಣೆಯಿತ್ತು. ಮಾಟದ ಆರೋಪ ಹೊತ್ತವರಿಗೆ ‘ಎಸೆರೆ’ ಎಂಬ ಬೀಜವನ್ನು ಅರೆದು ಕುಡಿಸುತ್ತಿದ್ದರು. ವಾಂತಿಯಾಗಿ ಬದುಕಿದರೆ ನಿರಪರಾಧಿ, ಸತ್ತರೆ ತಪ್ಪಿತಸ್ಥ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೆ ಮೊದಲ ಔಷಧಿ ಸಿಕ್ಕಿದ್ದು ಈ ಬೀಜದಲ್ಲೇ.

ಬೀಜ ಸ್ಕಾಟ್ಲೆಂಡಿನ ಎಡಿನ್‌ಬರೋ ತಲುಪಿತು. 1855ರಲ್ಲಿ ವಿಷತಜ್ಞ ರಾಬರ್ಟ್ ಕ್ರಿಸ್ಟಿಸನ್ ತಾವೇ ಅದನ್ನು ತಿಂದು ನೋಡಿ, ಹೇಗೋ ಉಳಿದುಕೊಂಡರು. ಅದರ ಸಾರಕ್ಕೆ ಕಣ್ಣಿನ ಪಾಪೆ ಕಿರಿದಾಗುವುದನ್ನು ಅದೇ ಊರಿನ ಥಾಮಸ್ ಫ್ರೇಸರ್ ಗುರುತಿಸಿದರು. 1876ರಲ್ಲಿ ಸ್ಟ್ರಾಸ್‌ಬರ್ಗ್‌ನ ಲುಡ್ವಿಗ್ ಲಾಕರ್ ಆ ಬೀಜದ ಫೈಸೊಸ್ಟಿಗ್ಮಿನ್ ಎಂಬ ಸತ್ವವನ್ನು ಗ್ಲಾಕೋಮಾಕ್ಕೆ ಬಳಸಿದರು. ಸ್ವತಃ ಅವರಿಗೂ ಅದೇ ಕಾಯಿಲೆಯಿತ್ತು.

ಕಣ್ಣಿನೊಳಗೆ ತಿಳಿದ್ರವವೊಂದು ಸದಾ ಒಸರಿ, ಸದಾ ಹೊರಹರಿಯುತ್ತಿರುತ್ತದೆ. ಹೊರಹರಿವಿಗೆ ತಡೆಯಾದರೆ ಒತ್ತಡ ಏರಿ ದೃಷ್ಟಿನರ ಸವೆಯುತ್ತದೆ, ಇದೇ ಗ್ಲಾಕೋಮಾ. ಬ್ರೆಜಿಲ್‌ನ ಜಬೊರಾಂಡಿ ಎಲೆಯಿಂದ ಬಂದ ಪೈಲೊಕಾರ್ಪಿನ್ ಆ ದಾರಿಯನ್ನು ತೆರೆಯುತ್ತಿತ್ತು. ಆದರೆ ದಿನಕ್ಕೆ ನಾಲ್ಕು ಸಲ ಹಾಕಬೇಕು, ಹುಬ್ಬಿನ ಬಳಿ ನೋವು, ಸಂಜೆಯಾದರೆ ಮಬ್ಬು. ರೋಗಿಗಳು ಅದನ್ನು ಸಹಿಸಿಕೊಂಡು ಬಂದದ್ದು ಒಂದು ಶತಮಾನ!

ರಕ್ತದೊತ್ತಡ, ಹೃದಯದ ಕಾಯಿಲೆಗಳ ಬೀಟಾ ಬ್ಲಾಕರ್ ಔಷಧಿಗಳು ಕಣ್ಣಿನ ಒತ್ತಡವನ್ನೂ ಇಳಿಸುತ್ತವೆಂದು 1960ರ ದಶಕದಲ್ಲಿ ತಿಳಿಯಿತು. ಅದೇ ಗುಂಪಿನ ಟಿಮೊಲಾಲ್ ಹನಿ 1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇದು ದ್ರವ ಒಸರುವುದನ್ನೇ ತಗ್ಗಿಸುತ್ತದೆ, ದಿನಕ್ಕೆ ಎರಡು ಹನಿ ಸಾಕು, ನೋಟ ಮಬ್ಬಾಗುವುದಿಲ್ಲ.

ಈ ಕಥೆಯಲ್ಲಿ ನಿಜವಾದ ಧೈರ್ಯದ ಹೆಜ್ಜೆ ಮುಂದಿನದು. ಪ್ರೊಸ್ಟಗ್ಲ್ಯಾಂಡಿನ್ ಎಂದರೆ ಕಣ್ಣು ಕೆಂಪಾಗಿಸಿ ಒತ್ತಡ ಏರಿಸುವ ವಸ್ತುವೆಂದೇ ವಿಜ್ಞಾನಿಗಳು ನಂಬಿದ್ದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಲಾಸ್ಲೊ ಬಿಟೊ ಮತ್ತು ಆಗಿನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಕಾರ್ಲ್ ಕಾಮ್ರಾಸ್ ಅದನ್ನೇ ಮೊಲಗಳ ಕಣ್ಣಿಗೆ ಹಾಕಿ ನೋಡಿದರು. ಪ್ರಮಾಣ ಹೆಚ್ಚಾದರೆ ಒತ್ತಡ ಮೊದಲು ಏರುತ್ತಿತ್ತು, ಕಡಿಮೆಯಾದರೆ ಇಳಿಯುತ್ತಿತ್ತು. 1977ರಲ್ಲಿ ಪ್ರಕಟವಾದ ಆ ಫಲಿತಾಂಶ 1996ರಲ್ಲಿ ಲ್ಯಾಟನೊಪ್ರೊಸ್ಟ್ ಎಂಬ ಹನಿಯಾಗಿ ಅಮೆರಿಕದ ಔಷಧದಂಗಡಿಗೆ ಬಂತು. ರಾತ್ರಿ ಒಂದೇ ಹನಿ. ಕೆಲವರಲ್ಲಿ ರೆಪ್ಪೆಗೂದಲು ಉದ್ದವಾಗುತ್ತದೆ. ಇದೇ ಬಳಗದ ಬೈಮಟೊಪ್ರೊಸ್ಟ್‌ಗೆ ರೆಪ್ಪೆಗೂದಲು ಬೆಳೆಸಲೆಂದೇ 2008ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಈ ಯಾವ ಹನಿಯೂ ಹೋದ ನೋಟವನ್ನು ತಂದುಕೊಡದು, ಉಳಿದದ್ದನ್ನು ಕಾಯುತ್ತದೆ ಅಷ್ಟೆ. ನೋವಿಲ್ಲ, ಕಣ್ಣು ಕಾಣುತ್ತಿದೆ ಎಂದು ಹನಿ ನಿಲ್ಲಿಸಬೇಡಿ. ಆಸ್ತಮಾ ಇದ್ದರೆ ಟಿಮೊಲಾಲ್ ಅಪಾಯಕಾರಿ, ಅದನ್ನು ಕಣ್ಣಿನ ವೈದ್ಯರಿಗೆ ಮೊದಲೇ ಹೇಳಿ.