ಜಾಲದ ಕರೆಗೆ ಕಟ್ಟಡದ ಉತ್ತರ

ಅಕ್ಕಿಯನ್ನು ಕಣಜದಲ್ಲಿ, ನೀರನ್ನು ತೊಟ್ಟಿಯಲ್ಲಿ ಕೂಡಿಡುವಂತೆ ವಿದ್ಯುತ್ತನ್ನು ಕೂಡಿಡುವುದು ಸುಲಭವಲ್ಲ. ಬ್ಯಾಟರಿಗಳಿವೆ, ನೀರನ್ನು ಮೇಲೆತ್ತಿ ಮತ್ತೆ ಇಳಿಸುವ ಜಲಾಗಾರಗಳಿವೆ. ಆದರೆ ದೇಶದ ಒಟ್ಟು ಬಳಕೆಯ ಮುಂದೆ ಅವುಗಳ ಪಾಲು ಅಲ್ಪ. ಆದ್ದರಿಂದ ಪ್ರತಿ ಕ್ಷಣವೂ ಎಷ್ಟು ಬಳಕೆಯೋ ಅಷ್ಟೇ ಉತ್ಪಾದನೆ ಇರಬೇಕು. ನೀವು ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಒತ್ತಿದಾಗ ಶರಾವತಿ, ರಾಯಚೂರು ಸೇರಿದಂತೆ ಜಾಲಕ್ಕೆ ಜೋಡಣೆಯಾಗಿರುವ ಜನಕಗಳ ಮೇಲೆಲ್ಲ ಅಷ್ಟು ಹೊರೆ ಹಂಚಿಹೋಗುತ್ತದೆ. ಹೊರೆ ಹೆಚ್ಚಾಗಿ ಉತ್ಪಾದನೆ ಹೆಚ್ಚದಿದ್ದರೆ ಜನಕಗಳ ವೇಗ ಕುಗ್ಗುತ್ತದೆ. ಜಾಲದ ಆವೃತ್ತಿ 50 ಹರ್ಟ್ಸ್‌ನಿಂದ ಕೆಳಗೆ ಜಾರುತ್ತದೆ. ನಮ್ಮ ದೇಶದಲ್ಲಿ ಅದನ್ನು 49.90 ಮತ್ತು 50.05 ಹರ್ಟ್ಸ್‌ಗಳ ನಡುವೆ ಇಡಬೇಕೆಂಬ ನಿಯಮವಿದೆ.

ಆವೃತ್ತಿ ತೀರ ಕುಸಿದಾಗ ಮಾಡುವುದೇನು? ಹೆಚ್ಚುವರಿ ಉತ್ಪಾದನೆ ಸಿಗದಿದ್ದರೆ ಉಳಿಯುವ ದಾರಿ ಒಂದೇ: ಕೆಲವು ಫೀಡರುಗಳನ್ನು ಕಡಿದುಹಾಕುವುದು. ಇದನ್ನೇ ನಾವು ಲೋಡ್ ಶೆಡ್ಡಿಂಗ್ ಎನ್ನುವುದು. ಅದರ ದೋಷ ಕತ್ತಲೆಯೊಂದೇ ಅಲ್ಲ. ಒಂದೇ ಫೀಡರಿನಲ್ಲಿ ಆಸ್ಪತ್ರೆಯ ಶೀತಕ ಪೆಟ್ಟಿಗೆಯಿರುತ್ತದೆ, ಪರೀಕ್ಷೆಗೆ ಓದುವ ಹುಡುಗಿಯ ದೀಪವಿರುತ್ತದೆ, ಅಂಗಡಿಯ ಮುಂದಿನ ಅಲಂಕಾರದ ದೀಪಮಾಲೆಯೂ ಇರುತ್ತದೆ. ಫೀಡರಿನ ಸ್ವಿಚ್ಚಿಗೆ ಈ ಮೂರರ ನಡುವಣ ವ್ಯತ್ಯಾಸ ತಿಳಿಯದು. ಬಿಟ್ಟುಕೊಡಬಹುದಾದ ಹೊರೆಯನ್ನು ಮಾತ್ರ, ಬಳಕೆದಾರನ ಒಪ್ಪಿಗೆಯಿಂದ, ಬೇಕಾದಷ್ಟು ಹೊತ್ತು ಮಾತ್ರ ಇಳಿಸಲು ಸಾಧ್ಯವೇ? ಇದಕ್ಕೆ ದೊರೆತ ಉತ್ತರವೇ ಬೇಡಿಕೆ ಸ್ಪಂದನ. ಮನುಷ್ಯರು ಓಡಾಡಿ ಸ್ವಿಚ್ ಆರಿಸುವ ಬದಲು ಜಾಲದ ಗಣಕ ಕಟ್ಟಡದ ಗಣಕಕ್ಕೆ ನೇರವಾಗಿ ಹೇಳಿದರೆ ಅದು ಸ್ವಯಂಚಾಲಿತ ಬೇಡಿಕೆ ಸ್ಪಂದನ.

ಕ್ಯಾಲಿಫೋರ್ನಿಯದ ಪಾಠ

ಈ ವಿಚಾರ ರೂಪುಗೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಒಂದು ದೊಡ್ಡ ಎಡವಟ್ಟಿನ ನಂತರ. 2000–01ರಲ್ಲಿ ಅಲ್ಲಿ ವಿದ್ಯುತ್ತಿನ ಸಗಟು ಬೆಲೆ ಹತ್ತಾರು ಪಟ್ಟು ಏರಿತು. ಬರದಿಂದ ಜಲವಿದ್ಯುತ್ ತಗ್ಗಿದ್ದು ಒಂದು ಕಾರಣ, ವ್ಯಾಪಾರಿ ಕಂಪನಿಗಳು ಮಾರುಕಟ್ಟೆಯನ್ನು ತಿರುಚಿದ್ದು ಇನ್ನೊಂದು. 2001ರ ಜನವರಿ, ಮಾರ್ಚ್ ಮತ್ತು ಮೇ ತಿಂಗಳುಗಳಲ್ಲಿ ಸರದಿಯ ಮೇಲೆ ವಿದ್ಯುತ್ ಕಡಿತ ಮಾಡಬೇಕಾಯಿತು. ಏಪ್ರಿಲ್‌ನಲ್ಲಿ ರಾಜ್ಯದ ಅತಿದೊಡ್ಡ ವಿತರಣಾ ಕಂಪನಿಗಳಲ್ಲೊಂದು ದಿವಾಳಿ ಅರ್ಜಿ ಸಲ್ಲಿಸಿತು. ಇಷ್ಟೆಲ್ಲ ನಡೆಯುತ್ತಿದ್ದರೂ ಹೆಚ್ಚಿನ ಗ್ರಾಹಕರ ಬಿಲ್ಲಿನ ದರ ಸ್ಥಿರವಾಗಿ ನಿಂತಿತ್ತು. ಸಗಟು ಪೇಟೆಯಲ್ಲಿ ಬೆಂಕಿ ಬಿದ್ದಿದ್ದರೂ ಬಳಸುವವನಿಗೆ ಅದರ ಬಿಸಿ ತಟ್ಟಲಿಲ್ಲ, ಹಾಗಾಗಿ ಬಳಕೆ ತಗ್ಗಿಸಲು ಅವನಿಗೆ ಕಾರಣವೂ ಇರಲಿಲ್ಲ.

2002ರಲ್ಲಿ ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು ಈ ಕೊಂಡಿಯನ್ನು ಜೋಡಿಸುವ ಕೆಲಸಕ್ಕೆ ಕೈಹಾಕಿದರು. 2003ರ ಪ್ರಯೋಗದಲ್ಲಿ ಐದು ತಾಣಗಳಿದ್ದವು. ಅವುಗಳಲ್ಲಿ ದಿನಸಿ ಅಂಗಡಿಯೊಂದು, ಬ್ಯಾಂಕಿನ ಕಚೇರಿಯೊಂದು, ವಿಶ್ವವಿದ್ಯಾಲಯದ ಗ್ರಂಥಾಲಯವೊಂದು ಸೇರಿದ್ದವು. ಅಂತರಜಾಲದ ಮೂಲಕ ಒಂದು ಕಾಲ್ಪನಿಕ ಬೆಲೆಯನ್ನು ಪ್ರಕಟಿಸಿ ಅದನ್ನು ಹಂತಹಂತವಾಗಿ ಏರಿಸಲಾಯಿತು. ಕಟ್ಟಡಗಳ ಗಣಕಗಳು ಅದನ್ನು ಓದಿ, ಯಾರ ಕೈಯೂ ತಾಗದೆ, ಮೊದಲೇ ನಿಗದಿಯಾಗಿದ್ದ ಹೊರೆಗಳನ್ನು ಇಳಿಸಿದವು. ಈ ಸಂದೇಶಗಳಿಗೆ ಎಲ್ಲರೂ ಬಳಸಬಹುದಾದ ಸಮಾನ ಭಾಷೆಯೊಂದು ಬೇಕಾಯಿತು. ಅದೇ ‘ಓಪನ್ ಎಡಿಆರ್’. ಅದರ ಮೊದಲ ವಿವರಣೆ 2009ರಲ್ಲಿ ಪ್ರಕಟವಾಯಿತು. 2018ರಲ್ಲಿ ಅದು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಮಾನಕವೂ ಆಯಿತು.

ಈ ಭಾಷೆಯಲ್ಲಿ ಎರಡು ಬಗೆಯ ಗಣಕಗಳಿವೆ. ವಿತರಣಾ ಕಂಪನಿಯ ಕಡೆಯದು ಸಂದೇಶ ಹೊರಡಿಸುತ್ತದೆ, ಕಟ್ಟಡದ ಕಡೆಯದು ಸ್ವೀಕರಿಸಿ ಉತ್ತರಿಸುತ್ತದೆ. ಸಂದೇಶ ತೀರ ಸರಳ. ‘ನಾಳೆ ಮಧ್ಯಾಹ್ನ 2ರಿಂದ 6ರವರೆಗೆ, ಹಂತ 2’ ಎಂಬಷ್ಟೇ ಇರಬಹುದು. ಸೊನ್ನೆ ಎಂದರೆ ಮಾಮೂಲು, 1 ಎಂದರೆ ಸಾಧಾರಣ ಕಡಿತ, 2 ಎಂದರೆ ಹೆಚ್ಚಿನ ಕಡಿತ, 3 ಎಂದರೆ ವಿಶೇಷ ಸ್ಥಿತಿ. ಹಂತ 2 ಬಂದಾಗ ಯಾವ ಯಂತ್ರವನ್ನು ಎಷ್ಟು ಇಳಿಸಬೇಕೆಂಬುದನ್ನು ಸಂದೇಶ ಹೇಳುವುದಿಲ್ಲ. ಅದು ಕಟ್ಟಡದ ಒಡೆಯ ಮೊದಲೇ ಬರೆದಿಟ್ಟ ತೀರ್ಮಾನ. ಆ ದಿನ ಮುಖ್ಯವಾದ ಸಮಾರಂಭವಿದ್ದರೆ ‘ಇಂದು ಆಗದು’ ಎಂದು ಹಿಂದೆ ಸರಿಯಲೂ ಅವಕಾಶವಿದೆ. ಈ ವ್ಯವಸ್ಥೆಯ ಜಾಣತನವೆಲ್ಲ ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ: ಕೊರತೆ ಎಷ್ಟೆಂದು ಜಾಲಕ್ಕೆ ಗೊತ್ತು, ಯಾವುದು ಬಿಡಬಹುದಾದದ್ದು ಎಂದು ಕಟ್ಟಡಕ್ಕೆ ಗೊತ್ತು, ಎರಡೂ ತಮಗೆ ಗೊತ್ತಿರುವುದನ್ನಷ್ಟೇ ನಿರ್ಧರಿಸುತ್ತವೆ.

ಕಟ್ಟಡ ಏನನ್ನು ಬಿಟ್ಟುಕೊಡಬಲ್ಲದು?

ದೀಪಗಳನ್ನು ಒಂದಿಷ್ಟು ಮಂದಗೊಳಿಸಬಹುದು. ನಾಲ್ಕು ಲಿಫ್ಟುಗಳಲ್ಲಿ ಒಂದನ್ನು ನಿಲ್ಲಿಸಬಹುದು. ಅಂಗಡಿಯ ಶೀತಲ ಕಪಾಟುಗಳ ಗಾಜಿನ ಮೇಲೆ ಇಬ್ಬನಿ ಕೂರದಂತೆ ತಡೆಯುವ ಹೀಟರುಗಳನ್ನು ಕೊಂಚ ಹೊತ್ತು ಆರಿಸಬಹುದು. ಗಾಳಿ ದೂಡುವ ದೊಡ್ಡ ಪಂಕಗಳಲ್ಲಿ ಒಂದು ಸ್ವಾರಸ್ಯವಿದೆ. ಪಂಕಕ್ಕೆ ಬೇಕಾದ ಸಾಮರ್ಥ್ಯವು ಅದರ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗವನ್ನು ಶೇಕಡ 80ಕ್ಕೆ ಇಳಿಸಿದರೆ 0.8 × 0.8 × 0.8, ಅಂದರೆ 0.512. ವೇಗದಲ್ಲಿ ಐದನೆಯ ಒಂದು ಭಾಗ ಬಿಟ್ಟರೆ ವಿದ್ಯುತ್ತಿನಲ್ಲಿ ಹತ್ತಿರಹತ್ತಿರ ಅರ್ಧ ಉಳಿಯಿತು.

ಆದರೆ ದೊಡ್ಡ ಗಂಟು ಇರುವುದು ತಂಪುಗೊಳಿಸುವ ಯಂತ್ರಗಳಲ್ಲಿ, ಅಂದರೆ ಚಿಲ್ಲರುಗಳಲ್ಲಿ. ಅವನ್ನು ಇಳಿಸಿದರೆ ಕೋಣೆ ಕೂಡಲೇ ಕಾಯುವುದಿಲ್ಲವೇ? ಲೆಕ್ಕ ಹಾಕಿ ನೋಡೋಣ. 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ 300 ಘನಮೀಟರ್ ಗಾಳಿ, ಅಂದರೆ ಸುಮಾರು 360 ಕಿಲೋಗ್ರಾಂ ಗಾಳಿ ಇರುತ್ತದೆ. ಗಾಳಿಯ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ ಸುಮಾರು 1 ಕಿಲೋಜೌಲ್. ಆದ್ದರಿಂದ ಅದನ್ನು 1 ಡಿಗ್ರಿ ಕಾಯಿಸಲು 360 ಕಿಲೋಜೌಲ್ ಸಾಕು. ಜನ, ದೀಪ, ಗಣಕ, ಕಿಟಕಿಯ ಬಿಸಿಲು ಎಲ್ಲ ಸೇರಿ 6 ಕಿಲೋವ್ಯಾಟ್ ಶಾಖ ಬರುತ್ತಿದ್ದರೆ ಗಾಳಿಯ ತಾಪ ಒಂದೇ ನಿಮಿಷದಲ್ಲಿ 1 ಡಿಗ್ರಿ ಏರಬೇಕು. ಹತ್ತು ನಿಮಿಷದಲ್ಲಿ ಕೋಣೆ ಒಲೆಯಾಗಬೇಕು!

ಹಾಗಾಗುವುದಿಲ್ಲ, ಏಕೆಂದರೆ ಕೋಣೆಯಲ್ಲಿ ಗಾಳಿಯೊಂದೇ ಇಲ್ಲ. 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ನೆಲದ ತೂಕವೇ ಸುಮಾರು 36,000 ಕಿಲೋಗ್ರಾಂ. ಕಾಂಕ್ರೀಟಿನ ವಿಶಿಷ್ಟೋಷ್ಣ 0.88 ಕಿಲೋಜೌಲ್ ಎಂದಿಟ್ಟುಕೊಂಡರೆ ಅದನ್ನು 1 ಡಿಗ್ರಿ ಕಾಯಿಸಲು 31,700 ಕಿಲೋಜೌಲ್ ಬೇಕು. ಇದು ಗಾಳಿಗೆ ಬೇಕಾದದ್ದರ 88 ಪಟ್ಟು. ಇಡೀ ನೆಲ ಶಾಖವನ್ನು ಹೀರಿಕೊಂಡರೆ ಅದೇ 1 ಡಿಗ್ರಿ ಏರಲು ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ವಾಸ್ತವದಲ್ಲಿ ಶಾಖ ಕಾಂಕ್ರೀಟಿನೊಳಗೆ ಇಳಿಯುವುದು ನಿಧಾನ, ಒಂದು ಗಂಟೆಯಲ್ಲಿ ಸುಮಾರು 5 ಸೆಂಟಿಮೀಟರ್ ಆಳಕ್ಕೆ ಮಾತ್ರ. ಆದ್ದರಿಂದ ನಿಜವಾದ ಉತ್ತರ ಒಂದು ನಿಮಿಷಕ್ಕೂ ಒಂದೂವರೆ ಗಂಟೆಗೂ ನಡುವೆ ಎಲ್ಲೋ ಇರುತ್ತದೆ. ಗೋಡೆ, ಛಾವಣಿ, ಪುಸ್ತಕದ ಕಪಾಟುಗಳೂ ತಮ್ಮ ಪಾಲು ಹೀರುತ್ತವೆ. ಸಂಜೆ ಏಳಕ್ಕೆ ಹೆಂಚಿನ ಮಾಡಿನ ಕೋಣೆ ತಣ್ಣಗಾಗಿದ್ದರೂ ಪಕ್ಕದ ಆರ್‌ಸಿಸಿ ಕೋಣೆ ರಾತ್ರಿ ಹತ್ತಾದರೂ ಬಿಸಿಯುಗುಳುವುದನ್ನು ನೀವು ಬಲ್ಲಿರಿ. ಅದೇ ಉಷ್ಣ ಜಡತ್ವವನ್ನು ಇಲ್ಲಿ ತಲೆಕೆಳಗಾಗಿ ಬಳಸಿಕೊಳ್ಳುತ್ತೇವೆ. ಶಾಲೆಯಲ್ಲಿ ಎರಡು ತಾಪಮಾಪಕಗಳಿದ್ದರೆ ಈ ಎರಡು ಬಗೆಯ ಕೋಣೆಗಳಲ್ಲಿ ಸಂಜೆ ಅರ್ಧ ಗಂಟೆಗೊಮ್ಮೆ ಓದಿ ನಕ್ಷೆ ಬರೆಸಬಹುದು.

ಕ್ಯಾಲಿಫೋರ್ನಿಯದ ಸಾಂಟಾ ರೋಸಾದ ಕಚೇರಿ ಕಟ್ಟಡವೊಂದರಲ್ಲಿ ಬರ್ಕ್‌ಲಿಯ ಸಂಶೋಧಕರು ಇದನ್ನು ಪರೀಕ್ಷಿಸಿದರು. ಮಧ್ಯಾಹ್ನ 2ರವರೆಗೆ ಕೋಣೆಗಳನ್ನು ಸುಮಾರು 21 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಹಿತವೆನಿಸುವ ತಾಪದ ಕೆಳಗಿನ ಅಂಚಿನಲ್ಲಿ ಇಟ್ಟರು. ಆಮೇಲೆ 25.5 ಡಿಗ್ರಿಯವರೆಗೆ ಏರಲು ಬಿಟ್ಟರು. 2ರಿಂದ 5 ಗಂಟೆಯವರೆಗೆ ಚಿಲ್ಲರುಗಳ ವಿದ್ಯುತ್ ಬಳಕೆ ಶೇಕಡ 80ರಿಂದ 100ರಷ್ಟು ಇಳಿಯಿತು, ಸೆಕೆಯೆಂದು ಯಾರೂ ದೂರಲಿಲ್ಲ. ಇದನ್ನು ನಮ್ಮ ಮಂಗಳೂರಿಗೆ ಹಾಗೆಯೇ ತಂದರೆ ಅದೇ ಫಲ ಸಿಗಲಾರದು. ಒಣ ಹವೆಯ ಊರಿನಲ್ಲಿ ತಾಪವನ್ನಷ್ಟೇ ನೋಡಿದರೆ ಸಾಕು. ಕರಾವಳಿಯಲ್ಲಿ ಚಿಲ್ಲರ್ ಗಾಳಿಯ ತೇವವನ್ನೂ ಹಿಂಡಿ ತೆಗೆಯುತ್ತಿರುತ್ತದೆ. ಅದು ನಿಂತರೆ ತಾಪ ಏರುವ ಮೊದಲೇ ಮೈ ಬೆವರುತ್ತದೆ.

ಎಲ್ಲರೂ ಒಟ್ಟಿಗೆ ಹಿಂದಿರುಗಿದರೆ?

6 ಗಂಟೆಗೆ ಸಂದೇಶದ ಅವಧಿ ಮುಗಿಯಿತೆನ್ನಿ. ಹೀರಿಕೊಂಡ ಶಾಖವನ್ನು ಹೊರಹಾಕಲು ಸಾವಿರಾರು ಚಿಲ್ಲರುಗಳು ಒಮ್ಮೆಲೇ ಪೂರ್ಣ ಶಕ್ತಿಯಿಂದ ಹೊರಟರೆ ಮೊದಲಿನದಕ್ಕಿಂತ ಎತ್ತರದ ಶಿಖರವೊಂದು ಏಳುತ್ತದೆ. ಇದರ ಮಾದರಿ ನಮ್ಮ ಹಳ್ಳಿಗಳಲ್ಲೇ ಇದೆ. ಮೂರು ಫೇಸಿನ ವಿದ್ಯುತ್ ಯಾವ ಹೊತ್ತಿಗೆ ಬಂದೀತೋ ಎಂದು ರೈತರು ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ವಿದ್ಯುತ್ ಬಂದೊಡನೆ ಫೀಡರಿನ ಪಂಪುಗಳೆಲ್ಲ ಏಕಕಾಲಕ್ಕೆ ಚಾಲೂ ಆಗುತ್ತವೆ. ಪ್ರೇರಣ ಮೋಟರು ಹೊರಡುವಾಗ ಮಾಮೂಲಿನ ಐದಾರು ಪಟ್ಟು ವಿದ್ಯುತ್ ಪ್ರವಾಹ ಎಳೆಯುವುದರಿಂದ ವೋಲ್ಟೇಜು ಕುಸಿದು ಟ್ರಾನ್ಸ್‌ಫಾರ್ಮರು ನರಳುತ್ತದೆ. ಸ್ವಯಂಚಾಲಿತ ಸ್ಪಂದನದಲ್ಲಿ ಇದಕ್ಕೆ ಮದ್ದು ಸರಳ: ಪ್ರತಿ ಕಟ್ಟಡವೂ ಯಾದೃಚ್ಛಿಕವಾಗಿ ಆರಿಸಿದ ಕೆಲವು ನಿಮಿಷ ಕಾದು ಹಿಂದಿರುಗುತ್ತದೆ.

ಇಡೀ ದೇಶ ಒಟ್ಟಿಗೆ ಸ್ವಿಚ್ ಒತ್ತಿದರೆ ಏನಾಗುತ್ತದೆಂಬುದು 2020ರ ಏಪ್ರಿಲ್ 5ರ ರಾತ್ರಿ ಕಂಡಿತು. ಒಂಬತ್ತು ನಿಮಿಷ ದೀಪ ಆರಿಸಬೇಕೆಂಬ ಕರೆಗೆ ದೇಶದ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಇಳಿದು ಮತ್ತೆ ಏರಿತು. ಅದು ಮೊದಲೇ ಗೊತ್ತಿದ್ದ ಘಟನೆಯಾದ್ದರಿಂದ ಜಲವಿದ್ಯುತ್ ಕೇಂದ್ರಗಳನ್ನು ಸಜ್ಜಾಗಿಟ್ಟು ಸಂಭಾಳಿಸಲಾಯಿತು.

ಬಳಸದ ವಿದ್ಯುತ್ತನ್ನು ಅಳೆಯುವುದು ಹೇಗೆ?

ತಂತ್ರಜ್ಞಾನಕ್ಕಿಂತ ಕಠಿಣವಾದ ಪ್ರಶ್ನೆ ಇದು. ಬಳಸಿದ ವಿದ್ಯುತ್ತಿಗೆ ಮೀಟರಿದೆ. ಬಳಸದೆ ಬಿಟ್ಟದ್ದಕ್ಕೆ ಹಣ ಕೊಡಬೇಕಾದರೆ ‘ಸಂದೇಶ ಬಾರದಿದ್ದರೆ ಎಷ್ಟು ಬಳಸುತ್ತಿದ್ದರು?’ ಎಂದು ಊಹಿಸಬೇಕು. ಈ ಊಹೆಗೆ ಆಧಾರ ರೇಖೆ ಎನ್ನುತ್ತಾರೆ. ಹಿಂದಿನ ಹತ್ತು ಕೆಲಸದ ದಿನಗಳಲ್ಲಿ ಅದೇ ಗಂಟೆಯ ಸರಾಸರಿಯನ್ನು ತೆಗೆದುಕೊಳ್ಳುವುದು ಒಂದು ರೂಢಿ. ಸರಾಸರಿ 400 ಯೂನಿಟ್ ಇದ್ದು ಆ ದಿನ 330 ಬಳಸಿದರೆ 70 ಯೂನಿಟ್ ಉಳಿಸಿದಂತೆ ಲೆಕ್ಕ.

ಆದರೆ ಸಂದೇಶ ಬರುವುದೇ ಅತಿ ಬಿಸಿಲಿನ ದಿನಗಳಲ್ಲಿ. ಆ ದಿನ ಸುಮ್ಮನಿದ್ದಿದ್ದರೆ 440 ಯೂನಿಟ್ ಬಳಕೆಯಾಗುತ್ತಿತ್ತೇನೋ. ಹಾಗಾದರೆ ನಿಜವಾದ ಉಳಿತಾಯ 110. ಇದನ್ನು ಸರಿಪಡಿಸಲು ಆ ದಿನದ ಬೆಳಗಿನ ಬಳಕೆ ಮಾಮೂಲಿಗಿಂತ ಶೇಕಡ ಎಷ್ಟು ಹೆಚ್ಚಿತ್ತೋ ಅಷ್ಟು ಆಧಾರ ರೇಖೆಯನ್ನು ಮೇಲೆತ್ತುತ್ತಾರೆ. ಈಗ ಸಾಂಟಾ ರೋಸಾದ ಉಪಾಯವನ್ನು ನೆನೆಯಿರಿ. ಕಟ್ಟಡವನ್ನು ಬೆಳಿಗ್ಗೆಯೇ ಹೆಚ್ಚು ತಂಪು ಮಾಡಿಟ್ಟರೆ ಬೆಳಗಿನ ಬಳಕೆ ಏರುತ್ತದೆ, ಜೊತೆಗೆ ಆಧಾರ ರೇಖೆಯೂ ಏರುತ್ತದೆ, ಮಾಡದ ಉಳಿತಾಯಕ್ಕೂ ಹಣ ಸಿಗುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಲೆಕ್ಕದ ಸೂತ್ರವೇ ತಪ್ಪುದಾರಿ ಹಿಡಿಸಿದೆ. ಉದ್ದೇಶಪೂರ್ವಕ ಆಟದ ಆರೋಪಗಳೂ ಬಂದಿವೆ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಸ್ವಂತ ಜನಕಗಳಿದ್ದ ಕಾಗದ ಕಾರ್ಖಾನೆಯೊಂದು ಆಧಾರ ರೇಖೆ ಅಳೆಯುವ ದಿನಗಳಲ್ಲಿ ಮಾತ್ರ ಅವುಗಳ ಉತ್ಪಾದನೆ ತಗ್ಗಿಸಿ ಜಾಲದಿಂದ ಹೆಚ್ಚು ಎಳೆಯಿತು, ಅನಂತರ ಮಾಮೂಲು ಸ್ಥಿತಿಗೆ ಮರಳಿ ಅದನ್ನೇ ಉಳಿತಾಯವೆಂದು ತೋರಿಸಿತು ಎಂದು ಕೇಂದ್ರ ಇಂಧನ ನಿಯಂತ್ರಣ ಆಯೋಗ ಆರೋಪಿಸಿತು. ಪ್ರಕರಣ 2013ರಲ್ಲಿ ದಂಡದೊಡನೆ ಇತ್ಯರ್ಥವಾಯಿತು.

ಈ ತೊಡಕಿನಿಂದಾಗಿಯೇ ಹಲವು ತಜ್ಞರು ಉಳಿತಾಯಕ್ಕೆ ಬಹುಮಾನ ಕೊಡುವುದಕ್ಕಿಂತ ಗಂಟೆಗಂಟೆಗೆ ಬದಲಾಗುವ ದರವೇ ಮೇಲು ಎನ್ನುತ್ತಾರೆ. ಆಗ ಬಳಸಿದ್ದನ್ನು ಮಾತ್ರ ಅಳೆದರೆ ಸಾಕು. ನನಗೂ ಇದೇ ಸರಿಯೆನಿಸುತ್ತದೆ, ಆದರೆ ಒಂದು ಮಾತಿದೆ. ಹವಾನಿಯಂತ್ರಕ, ಬ್ಯಾಟರಿ, ವಿದ್ಯುತ್ ಕಾರು ಇರುವವರಿಗೆ ಬಳಕೆಯ ಹೊತ್ತನ್ನು ಬದಲಿಸಲು ಅವಕಾಶವುಂಟು. ಎರಡು ದೀಪ, ಒಂದು ಫ್ಯಾನು ಇರುವ ಮನೆ ಸಂಜೆ ಏಳರ ದೀಪವನ್ನು ಮಧ್ಯಾಹ್ನಕ್ಕೆ ಸಾಗಿಸುವುದು ಹೇಗೆ?

2022ರ ಸೆಪ್ಟೆಂಬರ್ 6ರಂದು ಕ್ಯಾಲಿಫೋರ್ನಿಯದ ಬೇಡಿಕೆ 52,061 ಮೆಗಾವ್ಯಾಟಿನ ದಾಖಲೆ ಮುಟ್ಟಿತು. ಸಂಜೆ 5.45ಕ್ಕೆ ಸರ್ಕಾರ ಜನರ ಮೊಬೈಲುಗಳಿಗೆ ತುರ್ತು ಸಂದೇಶ ಕಳಿಸಿತು. ಕೆಲವೇ ನಿಮಿಷಗಳಲ್ಲಿ ಬೇಡಿಕೆ ಸಾವಿರ ಮೆಗಾವ್ಯಾಟಿಗೂ ಹೆಚ್ಚು ಇಳಿಯಿತು, ರಾಜ್ಯದ ಜಾಲ ನಿರ್ವಾಹಕರು ಸರದಿ ಕಡಿತಕ್ಕೆ ಆದೇಶಿಸಬೇಕಾಗಲಿಲ್ಲ. ಆ ಇಳಿಕೆಯ ಬಹುಪಾಲು ಮನುಷ್ಯರ ಕೈಯಿಂದಾದದ್ದು. ಇಪ್ಪತ್ತು ವರ್ಷಗಳ ಸ್ವಯಂಚಾಲನೆಯ ತವರಿನಲ್ಲೇ ಹೀಗೆ.

ನಮ್ಮಲ್ಲಿ ಈಗ ಸಮಸ್ಯೆಯ ರೂಪವೇ ಬದಲಾಗುತ್ತಿದೆ. ಪಾವಗಡದಂಥ ಸೌರ ಉದ್ಯಾನಗಳಿಂದ ಹಗಲು ವಿದ್ಯುತ್ ಹೇರಳ, ಸೂರ್ಯ ಮುಳುಗಿದೊಡನೆ ಕೊರತೆ. ಬೇಡಿಕೆಯನ್ನು ಇಳಿಸುವುದಷ್ಟೇ ಅಲ್ಲ, ಮಧ್ಯಾಹ್ನಕ್ಕೆ ಎಳೆದು ತರುವುದೂ ಸ್ಪಂದನವೇ ಆಗಿದೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಬಿಸಿಲಿನ ಹೊತ್ತಿಗೆ ಕಡಿಮೆ ಮತ್ತು ಗರಿಷ್ಠ ಬೇಡಿಕೆಯ ಹೊತ್ತಿಗೆ ಹೆಚ್ಚು ದರವಿರಬೇಕೆಂದು ಹೇಳಿತು. 10 ಕಿಲೋವ್ಯಾಟ್ ಮೀರಿದ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್ 1, ಉಳಿದವರಿಗೆ 2025ರ ಏಪ್ರಿಲ್ 1 ಗಡುವೆಂದು ಅದರಲ್ಲಿತ್ತು. ಇದಕ್ಕೆ ಹೊತ್ತಿನ ಲೆಕ್ಕ ಇಡಬಲ್ಲ ಸ್ಮಾರ್ಟ್ ಮೀಟರ್ ಬೇಕು. ಮೈಸೂರಿನ ವಿ.ವಿ. ಮೊಹಲ್ಲಾ ವಿಭಾಗದ 21 ಸಾವಿರಕ್ಕೂ ಹೆಚ್ಚು ಗ್ರಾಹಕರನ್ನು ಒಳಗೊಂಡು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಕೈಗೊಂಡ ಪ್ರಾಯೋಗಿಕ ಯೋಜನೆ ಇಂಥ ಮೀಟರುಗಳನ್ನೂ ಗರಿಷ್ಠ ಹೊರೆಯ ನಿರ್ವಹಣೆಯನ್ನೂ ಪರೀಕ್ಷಿಸಲು ಹೊರಟ ದೇಶದ ಮೊದಲ ಯೋಜನೆಗಳಲ್ಲೊಂದು.

ಮೇಲಿನ ದರ ನಿಯಮದಿಂದ ಕೃಷಿಯನ್ನು ಹೊರಗಿಡಲಾಗಿದೆ. ಬಾವಿಯಿಂದೆತ್ತಿದ ನೀರು ಹೊಂಡದಲ್ಲಿ ಕಾಯಬಲ್ಲದು, ಆದ್ದರಿಂದ ಪಂಪು ಚಿಲ್ಲರಿಗಿಂತಲೂ ಸುಲಭವಾಗಿ ಹೊತ್ತು ಬದಲಿಸಬಲ್ಲ ಯಂತ್ರ. ಆದರೂ ಪಂಪಿನ ವೇಳೆಯನ್ನು ಸಾಮಾನ್ಯವಾಗಿ ಇಂದಿಗೂ ಉಪಕೇಂದ್ರದಲ್ಲಿ ಫೀಡರಿನ ಸ್ವಿಚ್ಚಿನಿಂದಲೇ ನಿರ್ಧರಿಸಲಾಗುತ್ತದೆ. ‘ಇಂದು ಆಗದು’ ಎಂದು ಹೇಳುವ ಗುಂಡಿ ರೈತನ ಸ್ಟಾರ್ಟರಿನಲ್ಲಿ ಇನ್ನೂ ಬಂದಿಲ್ಲ.