ರೈಲಿಲ್ಲದ ರೈಲ್ವೆ

ತರಗತಿಯಲ್ಲಿ ಅನ್ವರ್ಥನಾಮವನ್ನು ಬೋಧಿಸುವಾಗಲೆಲ್ಲ ನನಗೆ ಐರ್ಲೆಂಡಿನ ಒಂದು ಸಂಸ್ಥೆಯ ನೆನಪಾಗುತ್ತದೆ. ಡೊನೆಗಾಲ್ ಸೀಮೆಯ ‘ಲಂಡನ್‌ಡೆರಿ ಮತ್ತು ಲಾಫ್ ಸ್ವಿಲ್ಲಿ ರೈಲ್ವೆ’ಯು 1953ರಲ್ಲಿ ತನ್ನ ಕಡೆಯ ರೈಲನ್ನು ಓಡಿಸಿತು, ಹೆಸರನ್ನು ಮಾತ್ರ ಬಿಡಲಿಲ್ಲ. ಅನಂತರ ಅರುವತ್ತು ವರ್ಷ ಅದು ಓಡಿಸಿದುದು ಬಸ್ಸುಗಳನ್ನೇ. ಅವುಗಳಲ್ಲಿ ಎಷ್ಟೋ ಬಸ್ಸುಗಳು ದೊಡ್ಡ ಸಂಸ್ಥೆಗಳು ದುಡಿಸಿ ಮಾರಿದ ಹಳೆಯ ಲೇಲ್ಯಾಂಡ್ ಗಾಡಿಗಳು. ಜನವಿರಳವಾದ ಆ ಕಡಲಂಚಿನ ದಾರಿಗಳಲ್ಲಿ ಹೊಸ ಬಸ್ಸಿನ ಬೆಲೆ ಗಿಟ್ಟುವುದು ಸುಲಭವಲ್ಲ. ಹಳೆಯದಾದರೆ ಹಳ್ಳಿಗೊಂದು ಬಸ್ಸಾದರೂ ಉಳಿದೀತು. ಪರರು ಉಟ್ಟುಬಿಟ್ಟ ಬಟ್ಟೆಯೆಂದು ಮೂಗು ಮುರಿಯುವವರು, ಮಳೆಯಲ್ಲಿ ನಿಂತು ಬಸ್ಸು ಕಾದವರನ್ನು ಕೇಳಬೇಕು. 2014ರ ಏಪ್ರಿಲಿನಲ್ಲಿ ಆ ಬಸ್ಸುಗಳೂ ನಿಂತವು. ರೈಲು ಹೋದಾಗ ಅನ್ವರ್ಥನಾಮವು ಅಂಕಿತನಾಮವಾಯಿತು. ಬಸ್ಸೂ ಹೋದಮೇಲೆ ಉಳಿದುದು ಬರಿಯ ನಾಮ.